ದೇವರಕಾಡು ಮೌಲ್ಯಮಾಪನದ ಅರ್ಜಿ ವಾಪಸ್ ಬಂದಿದ್ದೇಕೆ?

ಕೊಡಗಿನ ದೇವರಕಾಡುಗಳ (ದೇವರ ಹೆಸರಲ್ಲಿ ಊರವರು ಉಳಿಸಿಕೊಂಡ ಕಾಡುಗಳ) ರಕ್ಷಣೆ ಎಷ್ಟು ಫಲ ಕೊಟ್ಟಿದೆ ಅಂತ ನೋಡಲು ನೀವು ಕೇಳಿದ ಅನುದಾನ ಸಿಗದಿರಲು ಕಾರಣ, ಬಹುಶಃ ಅರ್ಜಿಯಲ್ಲಿ ರಕ್ಷಣೆ ಇರುವ ಕಾಡನ್ನು ಇಲ್ಲದ ಕಾಡಿನ ಜೊತೆ ಹೋಲಿಸದಿರುವುದು. ಎಷ್ಟು ಸಸಿ ನೆಟ್ಟರು, ಎಷ್ಟು ಸಭೆ ಆಯಿತು ಅನ್ನೋದು ಕೆಲಸದ ಲೆಕ್ಕ. ಕಾಡಿನಲ್ಲಿ ಏನು ಬದಲಾಯಿತು ಅನ್ನೋದು ಬೇರೆ. ನನ್ನ ಮೊದಲ ಅರ್ಜಿಯೂ ಇಲ್ಲೇ ಬಿದ್ದಿತ್ತು. ನಿಮ್ಮದನ್ನು ಪೂರ್ತಿ ಓದಿಲ್ಲ, ಹಾಗಾಗಿ ಇದು ಊಹೆ.

ಮೊದಲು ಪ್ರಶ್ನೆಯನ್ನು ಒಂದೇ ಸಾಲಿಗೆ ಇಳಿಸಿ. ಆಮೇಲೆ ದೇವಸ್ಥಾನ ಸಮಿತಿ ರಕ್ಷಿಸುವ ಕೆಲವು ದೇವರಕಾಡು, ರಕ್ಷಿಸದ ಕೆಲವು ಆರಿಸಿ. ಎತ್ತರ, ಮಳೆ, ವಿಸ್ತೀರ್ಣ ಹತ್ತಿರ ಹತ್ತಿರ ಇರಲಿ. ಇಲ್ಲದಿದ್ದರೆ ವ್ಯತ್ಯಾಸ ಮಳೆಯಿಂದಲೋ ರಕ್ಷಣೆಯಿಂದಲೋ ಹೇಳೋಕೆ ಆಗಲ್ಲ, ಅಲ್ವಾ? ಎರಡೂ ಕಡೆ ಒಂದೇ ಅಳತೆಯ ಪ್ಲಾಟ್ (ಎಣಿಕೆಗೆ ಗುರುತು ಮಾಡಿದ ತುಂಡು ಜಾಗ) ಹಾಕಿ. ಮರಗಳ ಜೊತೆ ತಾನಾಗಿ ಹುಟ್ಟಿದ ಸಸಿಗಳನ್ನೂ ಎಣಿಸಿ, ಇದನ್ನು ಮಾತ್ರ ಬಿಡಬೇಡಿ. ದೊಡ್ಡ ಮರ ಅಜ್ಜನ ಕಾಲದ್ದು. ಈಗಿನ ರಕ್ಷಣೆ ಜಾಸ್ತಿ ಕಾಣೋದು ಸಸಿಗಳಲ್ಲೇ.

ಹಿಂದಿನ ಸ್ಥಿತಿ ತಿಳಿಯಲು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ (ಊರಿನ ಗಿಡಮರ, ಪ್ರಾಣಿಗಳ ಬಗ್ಗೆ ಬರೆದಿಟ್ಟ ಪುಸ್ತಕ) ಕೇಳಿ. ಸುಮ್ನೆ ನಂಬಬೇಡಿ, ಊರಿನ ಹಿರಿಯರ ಜೊತೆ ತಾಳೆ ನೋಡಿ.

ಅರಣ್ಯ ಇಲಾಖೆ, ದೇವಸ್ಥಾನ ಸಮಿತಿ ಎರಡರ ಒಪ್ಪಿಗೆಯನ್ನೂ ಅರ್ಜಿಗೆ ಮೊದಲೇ ಪಡೆಯಿರಿ. ವಿದೇಶಿ ಹಣವಾದರೆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಇನ್ನೊಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ನಿಮಗೆ ವರ್ಗಾಯಿಸುವಂತಿಲ್ಲ.