ಸುಮ್ನೆ ಬರುವವರು ಯಾರು?

ಓದುಗರ ಪತ್ರ: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಲು ನಿಲ್ಲುವ ಬಹುಪಾಲು ಜನರದ್ದು ನೆಗಡಿ, ಕೆಮ್ಮು, ಮೈಕೈ ನೋವು, ಸುಸ್ತು. ಅವೇ ಮುಖಗಳು ಪದೇ ಪದೇ ಬರುತ್ತವೆ. ನಿಜವಾದ ರೋಗಿಗಳಿಗೆ ವೈದ್ಯರು ಸಿಗುತ್ತಿಲ್ಲ. ಪ್ರತಿ ಭೇಟಿಗೂ ಒಂದಿಷ್ಟು ಶುಲ್ಕ ಇಟ್ಟರೆ ಸುಮ್ನೆ ಬರುವವರು ನಿಲ್ಲುತ್ತಾರೆ. ಈ ಬಗ್ಗೆ ಪತ್ರಿಕೆ ಬರೆಯಬೇಕು.

ಸಂಪಾದಕರ ಉತ್ತರ: ಸಾಲು ಉದ್ದವಿದೆ, ವೈದ್ಯರು ದಣಿದಿದ್ದಾರೆ ಎಂಬ ನಿಮ್ಮ ಮಾತು ನಿಜ. 67 ದೇಶಗಳ ಲೆಕ್ಕವನ್ನು ಒಟ್ಟು ಮಾಡಿದ ಅಧ್ಯಯನವೊಂದು 2017ರಲ್ಲಿ ಬಂತು. ಜಗತ್ತಿನ ಅರ್ಧದಷ್ಟು ಜನ ಬದುಕುವ ದೇಶಗಳಲ್ಲಿ ಒಬ್ಬ ರೋಗಿಗೆ ವೈದ್ಯರು ಕೊಡುವುದು 5 ನಿಮಿಷ ಅಥವಾ ಅದಕ್ಕೂ ಕಡಿಮೆ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಇಷ್ಟು ಒಪ್ಪಿದೆ. ಆದರೆ ‘ಸುಮ್ನೆ ಬರುವವರು’ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

1961ರಲ್ಲಿ ಕೆರ್ ವೈಟ್ ಎಂಬ ಅಮೆರಿಕದ ವೈದ್ಯರು ತಮ್ಮ ಜೊತೆಗಾರರೊಂದಿಗೆ ಒಂದು ಸರಳ ಲೆಕ್ಕ ಮುಂದಿಟ್ಟರು. ಒಂದು ಸಾವಿರ ವಯಸ್ಕರನ್ನು ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ಅವರಲ್ಲಿ ಸುಮಾರು 750 ಜನರಿಗೆ ಏನಾದರೊಂದು ಕಾಯಿಲೆ ಕಾಣಿಸುತ್ತದೆ. ವೈದ್ಯರ ಹತ್ತಿರ ಹೋಗುವವರು 250. ಆಸ್ಪತ್ರೆಗೆ ಸೇರುವವರು 9. ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆ ತಲುಪುವವರು ಒಬ್ಬರು. ನಲವತ್ತು ವರ್ಷ ಕಳೆದು, 2001ರಲ್ಲಿ ಬೇರೆಯವರು ಇದೇ ಲೆಕ್ಕವನ್ನು ಮತ್ತೆ ಮಾಡಿದರು. ಅಷ್ಟರಲ್ಲಿ ಔಷಧಿ ಬದಲಾಗಿತ್ತು, ಯಂತ್ರ ಬದಲಾಗಿತ್ತು. ಸಾವಿರದಲ್ಲಿ 800 ಜನರಿಗೆ ತೊಂದರೆ, ವೈದ್ಯರ ಬಾಗಿಲಿಗೆ ಬಂದವರು 217, ಆಸ್ಪತ್ರೆ ಸೇರಿದವರು 8. ಹೆಚ್ಚುಕಮ್ಮಿ ಅದೇ ಚಿತ್ರ.

ಈಗ ಹೇಳಿ, ಮನೆಯಲ್ಲೇ ಉಳಿದ ಆ ಐನೂರು ಚಿಲ್ಲರೆ ಜನ ನಿಮ್ಮ ಪತ್ರದಲ್ಲಿ ಎಲ್ಲಿದ್ದಾರೆ? ಸಾಲಿನಲ್ಲಿ ನಿಂತವರು ಕಣ್ಣಿಗೆ ಬೀಳುತ್ತಾರೆ, ಬಾರದವರು ಬೀಳುವುದಿಲ್ಲ. ಕಾಯಿಲೆ ಬಂದವರಲ್ಲಿ ಮೂವರಲ್ಲಿ ಇಬ್ಬರು ತಾವೇ ಸಹಿಸಿಕೊಂಡು, ಕಾದು, ವಾಸಿ ಮಾಡಿಕೊಳ್ಳುತ್ತಾರೆ. ಇಂಥ ಜನರ ಮೇಲೆ ‘ಸುಮ್ನೆ ಬರುತ್ತಾರೆ’ ಅನ್ನುವ ಆರೋಪ ಹೊರಿಸಬಾರದು.

ಕೆಮ್ಮನ್ನೇ ನೋಡಿ. ನೆಗಡಿಯ ಜೊತೆ ಬಂದ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಅಂತ ಜನ ನಂಬಿರುತ್ತಾರೆ. 2013ರ ಒಂದು ಅಧ್ಯಯನದ ಪ್ರಕಾರ ಅದು ಸರಾಸರಿ 18 ದಿನ ಇರುತ್ತದೆ. ಎಂಟನೇ ದಿನವೂ ಕೆಮ್ಮು ನಿಲ್ಲದಾಗ ಮನುಷ್ಯ ಹೆದರುತ್ತಾನೆ, ಮತ್ತೆ ಬರುತ್ತಾನೆ. ಮೊದಲ ಭೇಟಿಯಲ್ಲೇ ‘ಇದು ಮೂರು ವಾರದವರೆಗೂ ಇರಬಹುದು, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ತಕ್ಷಣ ಬನ್ನಿ’ ಅಂತ ಯಾರಾದರೂ ಹೇಳಿದ್ದರೆ? 48 ಸೆಕೆಂಡಿನಲ್ಲಿ ಅದನ್ನು ಹೇಳಲಾಗುವುದಿಲ್ಲ. ಅವಸರದಲ್ಲಿ ಮುಗಿಸಿದ ಒಂದು ಭೇಟಿಯೇ ಮುಂದಿನ ಎರಡು ಭೇಟಿಗೆ ಕಾರಣವಾಗುತ್ತದೆ.

ಅವೇ ಮುಖಗಳು ಪದೇ ಪದೇ ಬರುತ್ತವೆ ಅಂದಿರಿ. ಸರಿ, ಬರುತ್ತವೆ. ಹೆಚ್ಚು ಬರುವ ಹತ್ತರಲ್ಲಿ ಒಬ್ಬರು ಒಟ್ಟು ಭೇಟಿಗಳ ಮೂರರಲ್ಲಿ ಒಂದು ಪಾಲನ್ನೋ, ಕೆಲವು ಕಡೆ ಅರ್ಧವನ್ನೋ ತೆಗೆದುಕೊಳ್ಳುತ್ತಾರೆ. ಆದರೆ ಅವರು ಯಾರು? ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವು ಮೂರೂ ಒಟ್ಟಿಗೆ ಇರುವವರು. ವಯಸ್ಸಾದವರು. ಮನಸ್ಸು ಕುಗ್ಗಿ, ಅದನ್ನು ಹೇಳಲಾಗದೆ ‘ತಲೆನೋವು’ ಅನ್ನುವವರು. ನನಗೆ ಪರಿಚಯದ ವೈದ್ಯೆಯೊಬ್ಬರು ಹೇಳುತ್ತಿರುತ್ತಾರೆ: ರೋಗಿ ಚೀಟಿ ತೆಗೆದುಕೊಂಡು ಎದ್ದು, ‘ಡಾಕ್ಟ್ರೇ, ಇನ್ನೊಂದು ಮಾತು...’ ಅಂದಾಗಲೇ ನಿಜವಾದ ಭೇಟಿ ಶುರುವಾಗೋದು.

ಶುಲ್ಕದ ವಿಷಯಕ್ಕೆ ಬರೋಣ. ನಿಮ್ಮ ಉಪಾಯವನ್ನು ದೊಡ್ಡ ಮಟ್ಟದಲ್ಲೇ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಕೆಲವು ಕುಟುಂಬಗಳಿಗೆ ಪೂರ್ತಿ ಉಚಿತ ಚಿಕಿತ್ಸೆ ಕೊಟ್ಟಿತು, ಉಳಿದವರಿಂದ ಖರ್ಚಿನ ಒಂದು ಪಾಲು ಕಟ್ಟಿಸಿತು. ದುಡ್ಡು ಕಟ್ಟಬೇಕಾದವರ ಭೇಟಿ ಕಡಿಮೆಯಾಯಿತು, ಅಲ್ಲಿಗೆ ನೀವು ಹೇಳಿದ್ದು ಸರಿ. ಆದರೆ ಬೇಡದ ಭೇಟಿಯೂ ಬೇಕಾದ ಭೇಟಿಯೂ ಹೆಚ್ಚುಕಮ್ಮಿ ಒಂದೇ ಸಮನೆ ಕಡಿಮೆಯಾದವು. ಬಿ.ಪಿ. ಇದ್ದ ಬಡವರು ಉಚಿತ ಚಿಕಿತ್ಸೆ ಸಿಕ್ಕ ಕಡೆ ಹೆಚ್ಚು ಚೆನ್ನಾಗಿದ್ದರು. ಯಾವ ಎದೆನೋವು ಗ್ಯಾಸು, ಯಾವುದು ಹೃದಯದ್ದು ಅಂತ ರೋಗಿಗೆ ಮೊದಲೇ ಗೊತ್ತಿರುತ್ತಾ? ಅದನ್ನು ತಿಳಿಯೋಕೇ ಅಲ್ವಾ ಬರೋದು?

ವೇಲ್ಸ್‌ನ ಗ್ಲಿನ್‌ಕೋರಗ್ ಎಂಬ ಗಣಿ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರಿದ್ದರು. ಹೆಚ್ಚು ಅಗತ್ಯ ಇರುವ ಕಡೆಯೇ ಒಳ್ಳೆಯ ವೈದ್ಯಸೇವೆ ಕಡಿಮೆ ಸಿಗುತ್ತದೆ ಎಂದು 1971ರಲ್ಲೇ ಬರೆದವರು. ಅವರು ಮಾಡಿದ ಕೆಲಸ ಸಣ್ಣದು. ಯಾವ ಕಾರಣಕ್ಕೆ ಬಂದವರಿಗೂ ಬಿ.ಪಿ. ನೋಡಿದರು, ಬರೆದಿಟ್ಟರು, ಮತ್ತೆ ಕರೆದರು. ಬಾರದವರನ್ನು ಹುಡುಕಿದರು. ಇಪ್ಪತ್ತೈದು ವರ್ಷದ ಕೆಲಸದ ಲೆಕ್ಕ ತೆಗೆದಾಗ, 65 ವರ್ಷಕ್ಕೆ ಮೊದಲೇ ಸಾಯುವವರ ಪ್ರಮಾಣ ಪಕ್ಕದ ಹಳ್ಳಿಗಿಂತ ಶೇ. 28ರಷ್ಟು ಕಡಿಮೆ ಇತ್ತು. ನೆಗಡಿಗೆ ಬಂದವನನ್ನು ‘ನಿನಗೇನೂ ಇಲ್ಲ’ ಅಂತ ಕಳಿಸಿದ್ದರೆ ಇದು ಆಗುತ್ತಿರಲಿಲ್ಲ.

ಅವರು ಅಲ್ಲೇ ಉಳಿದರು ಅನ್ನುವುದು ಮುಖ್ಯ. ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮಲ್ಲಿ ವೈದ್ಯರು ಜನರ ಮುಖ ಗುರುತು ಹಿಡಿಯುವಷ್ಟರಲ್ಲಿ ಅವರನ್ನು ವರ್ಗ ಮಾಡುತ್ತಾರೆ. ಹೊಸಬರು ಮತ್ತೆ ಮೊದಲಿಂದ ಕೇಳಬೇಕು, ರೋಗಿ ಮತ್ತೆ ಮೊದಲಿಂದ ಹೇಳಬೇಕು. ನಾರ್ವೆಯ ದಾಖಲೆಗಳನ್ನು ನೋಡಿದ 2022ರ ಅಧ್ಯಯನದಲ್ಲಿ, 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರ ಹತ್ತಿರ ಹೋದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದೂ ಸಾವೂ ಸುಮಾರು ಕಾಲು ಭಾಗ ಕಡಿಮೆ ಕಂಡಿತು. ಯಾವ ಹೊಸ ಔಷಧಿಯಾದರೂ ಇಷ್ಟು ಮಾಡಿದ್ದರೆ ಮುಖಪುಟದಲ್ಲಿ ಹಾಕುತ್ತಿದ್ದರು! ವೈದ್ಯ ವಿದ್ಯಾರ್ಥಿಗಳಿಗೂ ನಾವು ತೋರಿಸುವುದು ಸಾವಿರದಲ್ಲಿ ಆ ಒಬ್ಬ ರೋಗಿಯನ್ನು. ವೈದ್ಯರ ಹತ್ತಿರ ಬರುವ ಉಳಿದ 249 ಜನರನ್ನು ನೋಡುವುದು ಕೆಳದರ್ಜೆಯ ಕೆಲಸ ಎಂಬ ಭಾವನೆ ಕಾಲೇಜಿನಲ್ಲೇ ಬೇರೂರುತ್ತದೆ. ಪತ್ರಿಕೆಗಳೂ ಅಷ್ಟೇ. ಅಪರೂಪದ ಶಸ್ತ್ರಚಿಕಿತ್ಸೆಗೆ ಪುಟಗಟ್ಟಲೆ ಜಾಗ, ಬಿ.ಪಿ. ನೋಡುವ ನರ್ಸಿಗೆ ಒಂದು ಸಾಲೂ ಇಲ್ಲ.

ನಿಮ್ಮ ಕಾಳಜಿ ನಿಜವಾದದ್ದು, ಅದಕ್ಕೇ ಇಷ್ಟು ಬರೆದೆ. ಮುಂದಿನ ಸಲ ಸಾಲಿನಲ್ಲಿ ನಿಂತಾಗ ಶುಲ್ಕದ ಬದಲು ಬೇರೆ ಕೆಲವನ್ನು ಕೇಳಿ ನೋಡಿ. ಕಾಯುವ ಜಾಗದಲ್ಲೇ ಬಿ.ಪಿ. ನೋಡಲು ಒಬ್ಬ ನರ್ಸ್ ಇದ್ದಾರಾ? ಹಿಂದಿನ ಭೇಟಿಯ ದಾಖಲೆ ವೈದ್ಯರ ಮೇಜಿನ ಮೇಲೆ ಇದೆಯಾ? ಈ ವೈದ್ಯರು ಇಲ್ಲಿಗೆ ಬಂದು ಎಷ್ಟು ಕಾಲವಾಯಿತು? ಸಿಕ್ಕ ಉತ್ತರ ಬರೆದು ಕಳಿಸಿ, ಪ್ರಕಟಿಸುತ್ತೇವೆ.