ಆ ‘ಸೆಕ್ರೆಟರಿ’ ವಿಷ್ಯ: ಸಂಪಾದಕರ ಉತ್ತರ

ಸಾಗರದ ಮೇಡಂಗೆ ನಮಸ್ಕಾರ. ಹೋದ ಸಂಚಿಕೇಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾದ ಟಿ.ಇ. ಲಾರೆನ್ಸ್ ಬಗ್ಗೆ ನಾಲ್ಕು ಪುಟ ಬರೆದು, ಅರಬ್ ಮರುಭೂಮಿ ಸುತ್ತಿ ಆಮೇಲೆ ಬ್ರಿಟಿಷ್ ಅಧಿಕಾರಿಯಾದ ಗರ್ಟ್ರೂಡ್ ಬೆಲ್‌ರನ್ನ ‘ಬಾಗ್ದಾದ್ ಆಫೀಸಿನ ಸೆಕ್ರೆಟರಿ’ ಅಂತ ಒಂದೇ ಸಾಲಲ್ಲಿ ಮುಗಿಸಿದೀರಲ್ಲ, ಆಕೆ ಏನು ಟೈಪಿಸ್ಟಾ ಅಂತ ಕೇಳಿದೀರಿ. ತಪ್ಪು ನಮ್ದೇ. ಹುದ್ದೆ ಹೆಸರು ಓರಿಯೆಂಟಲ್ ಸೆಕ್ರೆಟರಿ, ಅಂದ್ರೆ ಯಾವ ಶೇಖ್ ಹತ್ರ ಹೇಗೆ ಮಾತಾಡ್ಬೇಕು, ಯಾರನ್ನ ನಂಬಬಾರ್ದು ಅಂತ ಇರಾಕಲ್ಲಿದ್ದ ಬ್ರಿಟಿಷ್ ಸರ್ಕಾರದ ಮುಖ್ಯ ಅಧಿಕಾರಿ, ಹೈಕಮಿಷನರ್ ಪರ್ಸಿ ಕಾಕ್ಸ್‌ಗೆ ಹೇಳೋ ಜಾಗ. ಪ್ರೂಫ್ ನೋಡಿದ್ದು ನಾನೇ, ‘ಓರಿಯೆಂಟಲ್’ ಹಾರಿಹೋಗಿದ್ದು ಕಣ್ಣಿಗೇ ಬೀಳ್ಲಿಲ್ಲ.

ಆ ಜಾಗ ಪುಕ್ಕಟೆ ಸಿಕ್ಕಿದ್ದಲ್ಲ ಬಿಡಿ. 1913ರ ಡಿಸೆಂಬರಲ್ಲಿ ಡಮಾಸ್ಕಸ್‌ನಿಂದ ಒಂಟೆಗಳ ಮೇಲೆ ಸಾಮಾನು ಹೇರಿಕೊಂಡು ಅರೇಬಿಯಾ ಮರುಭೂಮಿ ಒಳಗಿನ ಹಾಯಿಲ್‌ಗೆ ಹೊರಟ್ರು, ಅಲ್ಲಿ ಅರಮನೆಯವರು ಊರು ಬಿಡೋಕೆ ಬಿಡದೆ ಹತ್ತು ಹನ್ನೊಂದು ದಿನ ಹಿಡಿದಿಟ್ಕೊಂಡ್ರು, ಈಯಮ್ಮ ಒಳಮನೆ ಹೆಂಗಸ್ರ ಜೊತೆ ಕೂತು ಯಾರು ಯಾರನ್ನ ಕೊಂದು ಗದ್ದುಗೆ ಹತ್ತಿದ್ರು ಅನ್ನೋ ಪುರಾಣ ಎಲ್ಲ ಕೇಳ್ಕೊಂಡ್ರು. ಗಂಡಸು ಪ್ರವಾಸಿಗೆ ಆ ಬಾಗಿಲು ತೆಗೀತಾನೇ ಇರ್ಲಿಲ್ಲ. ಮೊದಲ ಮಹಾಯುದ್ಧ ಶುರುವಾದ್ಮೇಲೆ ಬಾವಿ ಎಲ್ಲಿದೆ, ಯಾವ ಬುಡಕಟ್ಟು ಯಾರ ಕಡೆ ಅನ್ನೋ ಆ ನೋಟ್ಸೇ ಬಂಡವಾಳ ಆಯ್ತು. 1915ರ ಕೊನೇಲಿ ಬ್ರಿಟಿಷ್ ಗುಪ್ತಚರ ವಿಭಾಗದವ್ರು ಆಕೇನ ಕೈರೋಗೆ ಕರೆಸ್ಕೊಂಡ್ರು. ಮೆಸೊಪೊಟೇಮಿಯಾ (ಈಗಿನ ಇರಾಕ್) ವಿಷ್ಯದಲ್ಲಿ ಕೈರೋದವ್ರಿಗೂ ಇಂಡಿಯಾ ಸರ್ಕಾರಕ್ಕೂ ಎಣ್ಣೆ-ಸೀಗೇಕಾಯಿ, ಅದಕ್ಕೇ 1916ರಲ್ಲಿ ದೆಹಲಿಗೆ ಬಂದು ವೈಸ್‌ರಾಯ್ ಹಾರ್ಡಿಂಜ್‌ರನ್ನ ಕಂಡು ಆಮೇಲೆ ಬಸ್ರಾಗೆ ಹೋಗಿದ್ದು.

1920ರಲ್ಲಿ ಮೆಸೊಪೊಟೇಮಿಯಾ ಆಡಳಿತದ ಬಗ್ಗೆ ಆಕೆ ಬರೆದ ವರದಿ ಲಂಡನ್ ಪಾರ್ಲಿಮೆಂಟ್ ಮುಂದೆ ಬಂತು. ಪೇಪರ್‌ನವ್ರು ವರದೀಲಿ ಏನಿದೆ ಅನ್ನೋದು ಬಿಟ್ಟು ಹೆಂಗಸು ಬರೆದಿದ್ದಾಳಲ್ಲಾ ಅಂತ ಬಾಯಿ ಬಿಟ್ರು, ನಾಯಿ ಹಿಂಗಾಲಲ್ಲಿ ನಿಂತಿದ್ದನ್ನ ನೋಡಿದ ಹಾಗೆ ಆಡ್ತಿದಾರೆ ಅಂತ ಆಕೇನೇ ಮನೆಗೆ ಕಾಗದ ಬರೆದು ನಕ್ಕಿದಾರೆ.

ಆದ್ರೆ ‘ಇರಾಕ್ ಕಟ್ಟಿದ್ದೇ ಆಕೆ’ ಅನ್ನೋ ನಿಮ್ ಮಾತು ನಾನು ಒಪ್ಪಲ್ಲ. 1920ರಲ್ಲಿ ಅಲ್ಲಿ ಬ್ರಿಟಿಷರ ವಿರುದ್ಧ ದಂಗೆ ಆಗಿ, ಅದನ್ನ ಅಡಗಿಸೋಕೆ ಖಜಾನೆ ಖಾಲಿ ಆಗದೆ ಇದ್ದಿದ್ರೆ, ಮೆಕ್ಕಾ ಷರೀಫನ ಮಗ ಫೈಸಲ್‌ಗೆ 1921ರ ಆಗಸ್ಟ್ 23ಕ್ಕೆ ಇರಾಕಿನ ಪಟ್ಟ ಕಟ್ಟೋ ಅರ್ಜೆಂಟ್ ಬ್ರಿಟಿಷರಿಗೆ ಇರ್ತಾ ಇರ್ಲಿಲ್ಲ. ಫೈಸಲ್ ಪರ ಜೋರಾಗಿ ವಾದಿಸಿದ್ದು ಬೆಲ್, ಅಷ್ಟು ನಿಜ. ಇನ್ನೊಂದು, ಇಂಗ್ಲೆಂಡಲ್ಲಿ ಹೆಂಗಸ್ರಿಗೆ ವೋಟು ಬೇಡ ಅಂತ ಸಂಘದಲ್ಲಿ ಓಡಾಡಿದವ್ರೂ ಇವ್ರೇ, ಅದನ್ನ ಮುಚ್ಚಿಟ್ಟು ಆರತಿ ಎತ್ತೋದು ನನ್ ಕೈಲಿ ಆಗಲ್ಲ.

ಅಂದಹಾಗೆ ಇನ್ನೊಂದು ತಪ್ಪು ನೀವೂ ಗಮನಿಸಿಲ್ಲ. 1921ರ ಮಾರ್ಚಲ್ಲಿ ಇರಾಕಿನ ಮುಂದಿನ ಆಡಳಿತ ತೀರ್ಮಾನಿಸೋಕೆ ಬ್ರಿಟಿಷರು ಸೇರಿದ್ದ ಕೈರೋ ಸಭೆ ಟೈಮಲ್ಲಿ ಸ್ಫಿಂಕ್ಸ್ ಮುಂದೆ ಒಂಟೆ ಮೇಲೆ ತೆಗೆಸ್ಕೊಂಡ ಫೋಟೋ ಹಾಕಿ ಚರ್ಚಿಲ್, ಲಾರೆನ್ಸ್ ಅಂತ ಎರಡೇ ಹೆಸರು ಕೊಟ್ಟಿದ್ವಿ. ಇಬ್ಬರ ಮಧ್ಯೆ ಹ್ಯಾಟ್ ಹಾಕ್ಕೊಂಡು ಕೂತಿರೋದು ಬೆಲ್.