ಓದು ನಿಧಾನ, ಎದುರಿಗೆ ಸಿಎ ಪರೀಕ್ಷೆ

ಪ್ರಶ್ನೆ: ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಈಗ ಸಿಎ ಇಂಟರ್ ಮೊದಲ ಗ್ರೂಪ್‌ಗೆ ತಯಾರಿ ನಡೆದಿದೆ. ಅಕೌಂಟ್ಸ್ ಪರವಾಗಿಲ್ಲ. ಲಾ ಮಾಡ್ಯೂಲ್ ಮಾತ್ರ ಪುಟ ಮುಂದಕ್ಕೇ ಹೋಗುವುದಿಲ್ಲ. ಮಾಕ್ ಟೆಸ್ಟ್‌ನಲ್ಲಿ ಕೇಸ್ ಸಿನಾರಿಯೋ (ಕಥೆಯಂಥ ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆ) ಓದಿ ಮುಗಿಸುವಷ್ಟರಲ್ಲಿ ಸಮಯ ಆಗಿಹೋಗಿರುತ್ತದೆ. ಸ್ಪೀಡ್ ರೀಡಿಂಗ್ ಕೋರ್ಸ್ ಸೇರಲೇ?
– ಒಬ್ಬ ಓದುಗರು, ಗದಗ

ಉತ್ತರ: ಬೇಡ, ಆ ದುಡ್ಡು ಉಳಿಸಿ. ಕಾನೂನಿನ ವಾಕ್ಯದ ಮೇಲೆ ಕಣ್ಣಾಡಿಸಿ ಓಡುವ ಹಾಗಿಲ್ಲ. 'ಅಥವಾ' ಇರುವ ಕಡೆ 'ಮತ್ತು' ಅಂತ ಓದಿಕೊಂಡರೆ ಉತ್ತರವೇ ತಪ್ಪುತ್ತದೆ. ನಿಮಗೆ ಬೇಕಾಗಿರುವುದು ವೇಗ ಅಲ್ಲ. ಒಂದೇ ವಾಕ್ಯವನ್ನು ನಾಲ್ಕು ಸಲ ಓದುವುದು ತಪ್ಪಬೇಕು, ಅಷ್ಟೇ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಕನ್ನಡ ಪತ್ರಿಕೆಯನ್ನು ಸಲೀಸಾಗಿ ಓದುತ್ತೀರಾ? ಹಾಗಿದ್ದರೆ ನೀವು ನಿಧಾನ ಓದುಗರೇ ಅಲ್ಲ, ಆ ಇಂಗ್ಲಿಷ್ ವಾಕ್ಯಗಳು ನಿಮಗೆ ಇನ್ನೂ ರೂಢಿಯಾಗಿಲ್ಲ. ಕನ್ನಡ ಓದುವಾಗಲೂ ಚಿಕ್ಕಂದಿನಿಂದ ಅಕ್ಷರ, ಸಾಲು ತಪ್ಪಿಹೋಗುತ್ತಿದ್ದರೆ ಮಾತು ಬೇರೆ. ಕಣ್ಣು ತೋರಿಸಿ, ಕಲಿಕೆಯ ತೊಂದರೆ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ ಇವೆ. ಪ್ರಮಾಣಪತ್ರ ಇದ್ದವರು ಹೆಚ್ಚುವರಿ ಸಮಯಕ್ಕೆ ಮೊದಲೇ ಅರ್ಜಿ ಹಾಕಬಹುದು. ಇದನ್ನು ಕೇಳೋಕೆ ದಯವಿಟ್ಟು ಸಂಕೋಚ ಬೇಡ.

ಇನ್ನು ಲಾ. ಸೆಕ್ಷನ್ ಓದುವಾಗ ಮೊದಲ ಸುತ್ತಿನಲ್ಲಿ 'ಸಬ್ಜೆಕ್ಟ್ ಟು', 'ಪ್ರೊವೈಡೆಡ್ ದಟ್' ಅಂತ ಶುರುವಾಗುವ ಷರತ್ತಿನ ತುಂಡುಗಳಿಗೆ ಪೆನ್ಸಿಲ್‌ನಲ್ಲಿ ಕಂಸ ಹಾಕಿ, ಬಿಟ್ಟು ಮುಂದೆ ಹೋಗಿ. ಯಾರು, ಏನು ಮಾಡಬೇಕು, ಎಷ್ಟು ದಿನದೊಳಗೆ, ಇಷ್ಟು ಮಾತ್ರ ಹಿಡಿಯಿರಿ. ಆಮೇಲೆ ಕಂಸಗಳಿಗೆ ಒಂದೊಂದಾಗಿ ವಾಪಸ್ ಬನ್ನಿ. ನೋಟ್ಸನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಯಾರೇನೂ ಅನ್ನುವುದಿಲ್ಲ. ಆದರೆ ಉತ್ತರ ಬರೆಯೋಕೆ ಇರುವುದು ಇಂಗ್ಲಿಷ್ ಇಲ್ಲಾ ಹಿಂದಿ ಮಾತ್ರ, ಹಾಗಾಗಿ ಸೆಕ್ಷನ್‌ನ ಮುಖ್ಯ ಪದಗಳನ್ನು ಇಂಗ್ಲಿಷಿನಲ್ಲೇ ಜೋರಾಗಿ ಓದಿ ಬಾಯಿಗೆ ಕೂರಿಸಿಕೊಳ್ಳಿ. ಬಾಯಿಬಿಟ್ಟು ಓದಿದರೆ ನಿಧಾನ ಆಗುತ್ತೆ ಅಂತ ಹೆದರಬೇಡಿ. ಒಂದೇ ಪುಟವನ್ನು ಎರಡು ಮೂರು ದಿನ ಬಿಟ್ಟು ಮತ್ತೆ ಓದಿ ನೋಡಿ, ಅದೇ ವಾಕ್ಯಗಳು ಎಷ್ಟು ಸರಾಗ ಆಗಿರುತ್ತವೆ ಅಂತ ನಿಮಗೇ ಗೊತ್ತಾಗುತ್ತದೆ.

ಕೇಸ್ ಸಿನಾರಿಯೋದಲ್ಲಿ ಕಥೆಗಿಂತ ಮೊದಲು ಪ್ರಶ್ನೆ ಓದಿ. 'ಈ ಕಂಪನಿ ಸಿಎಸ್‌ಆರ್ ಸಮಿತಿ ರಚಿಸಬೇಕೇ?' ಅಂತ ಕೇಳಿದ್ದಾರೆ ಅಂದುಕೊಳ್ಳಿ. ಸಿಎಸ್‌ಆರ್ ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹೊಣೆ. ಕಂಪನಿ ಕಾಯ್ದೆ 2013, ಸೆಕ್ಷನ್ 135. ಹಿಂದಿನ ಹಣಕಾಸು ವರ್ಷದಲ್ಲಿ ನೆಟ್ ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 500 ಕೋಟಿ, ಟರ್ನೋವರ್ (ವಹಿವಾಟು) 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ್ದರೂ ಸಾಕು, ಸೆಕ್ಷನ್ ಅನ್ವಯಿಸುತ್ತದೆ. ಅಂದರೆ ನೀವು ಹುಡುಕಬೇಕಾದ್ದು ಕೆಲವೇ ಅಂಕಿ. ಕಂಪನಿ ಯಾವಾಗ ಶುರುವಾಯ್ತು, ನಿರ್ದೇಶಕರು ಯಾರು, ಫ್ಯಾಕ್ಟರಿ ಎಲ್ಲಿದೆ ಅನ್ನುವುದೆಲ್ಲ ಈ ಪ್ರಶ್ನೆಗೆ ಬೇಕಿಲ್ಲ. ಲಾಭ 6 ಕೋಟಿ ಅಂತ ಸಿಕ್ಕಿತು, 'ಸಮಿತಿ ಬೇಕು' ಅಂತ ಗುರುತು ಹಾಕಿಬಿಟ್ಟಿರಿ ಅನ್ನಿ. ತಪ್ಪಾಗಬಹುದು! ಹಿಂದಿನ ಮೂರು ವರ್ಷದ ಲಾಭದ ಸರಾಸರಿಯೂ 6 ಕೋಟಿಯೇ ಆದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕಾದ್ದು ಅದರ 2%, ಅಂದರೆ 12 ಲಕ್ಷ ರೂಪಾಯಿ. ಖರ್ಚು ಮಾಡಬೇಕಾದ ಮೊತ್ತ 50 ಲಕ್ಷ ದಾಟದಿದ್ದರೆ ಸಮಿತಿ ಬೇಕಿಲ್ಲ, ಆ ಕೆಲಸ ಕಂಪನಿಯ ನಿರ್ದೇಶಕ ಮಂಡಳಿಯೇ ಮಾಡುತ್ತದೆ. ಇಂಥ ಕಡೆ ನಿಧಾನವಾಗಿ ಓದುವವರಿಗೇ ಅಂಕ ಸಿಗುವುದು. ಆದರೆ ಆ ನಿಧಾನವನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಗೊತ್ತಿರಬೇಕು, ಅದು ಅಭ್ಯಾಸದಿಂದ ಮಾತ್ರ ಬರುತ್ತದೆ. ಅದಕ್ಕೇ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಪುಕ್ಕಟೆ ಕೊಡುವ ಆರ್‌ಟಿಪಿ (ಪುನರಾವರ್ತನೆಯ ಪ್ರಶ್ನೆಗಳು), ಎಂಟಿಪಿ (ಮಾಕ್ ಟೆಸ್ಟ್ ಪತ್ರಿಕೆ)ಗಳನ್ನು ಕೊನೆಯ ತಿಂಗಳಿಗೆ ಎತ್ತಿಡಬೇಡಿ. ಅಧ್ಯಾಯ ಓದುವ ಮೊದಲೇ ಅದರ ಪ್ರಶ್ನೆಗಳನ್ನು ಒಮ್ಮೆ ನೋಡಿ. ಉತ್ತರ ಗೊತ್ತಾಗದಿದ್ದರೂ ಏನನ್ನು ಹುಡುಕುತ್ತಾ ಓದಬೇಕು ಅಂತ ಗೊತ್ತಾಗುತ್ತದೆ.

ಸಮಯದ ಲೆಕ್ಕ: 100 ಅಂಕಕ್ಕೆ 180 ನಿಮಿಷ. ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆಗಳು) 30 ಅಂಕ, ಅಂದರೆ ಅದರ ಪಾಲು 54 ನಿಮಿಷ. ನೆಗೆಟಿವ್ ಮಾರ್ಕ್ಸ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪರೀಕ್ಷೆಗೆ ಮುಂಚೆ ಓದೋಕೆ ಅಂತಲೇ ಕೊಡುವ 15 ನಿಮಿಷ ನಿಮ್ಮಂಥವರಿಗೆ ದೊಡ್ಡ ಆಸ್ತಿ ಅಲ್ವಾ? ಆಗ ಉತ್ತರ ಬರೆಯುವಂತಿಲ್ಲ. ವಿವರಣೆಯ ಪ್ರಶ್ನೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದರಿಂದ ಶುರು ಮಾಡಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಮನೆಯ ಮಾಕ್ ಟೆಸ್ಟ್‌ನಲ್ಲೂ ಈ 15 ನಿಮಿಷ ಸೇರಿಸಿಯೇ ಕೂರಿ.

ಪ್ರಶ್ನೆ: ಕೆಲಸ ಮಾಡುತ್ತಲೇ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಲೆವೆಲ್ 1ಕ್ಕೆ ಓದುತ್ತಿದ್ದೇನೆ. ಮೊದಲ ದಿನದಿಂದಲೇ ಟೈಮರ್ ಇಟ್ಟುಕೊಂಡು ಅಭ್ಯಾಸ ಮಾಡಬೇಕಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಇಲ್ಲ. ಅಲ್ಲಿ ಒಟ್ಟು 180 ಪ್ರಶ್ನೆ, ಎರಡೂಕಾಲು ಗಂಟೆಯ ಎರಡು ಭಾಗ, ಪ್ರಶ್ನೆಗೆ ಸರಾಸರಿ 90 ಸೆಕೆಂಡ್. ಈ ಸಂಖ್ಯೆ ನೋಡಿ ಗಾಬರಿಯಾಗಿ ಮೊದಲ ವಾರವೇ ಗಡಿಯಾರದ ಜೊತೆ ಓಡಿದರೆ ತಪ್ಪು ಓದುವುದೇ ರೂಢಿಯಾಗುತ್ತದೆ. ಒಂದು ವಿಷಯದಲ್ಲಿ ಉತ್ತರಗಳು ಸರಿ ಬರುವವರೆಗೆ ಟೈಮರ್ ಬೇಡ. ಆಮೇಲೆ 30 ಪ್ರಶ್ನೆಗೆ 45 ನಿಮಿಷದಂತೆ ಮಾಡಿ. ತಪ್ಪಾದದ್ದರ ಪಕ್ಕ ಕಾರಣ ಬರೆಯಿರಿ: ಗೊತ್ತಿರಲಿಲ್ಲವೋ, ಓದುವಾಗ ತಪ್ಪಿತೋ, ಸಮಯ ಸಾಲಲಿಲ್ಲವೋ. ಎರಡನೆಯದೇ ಜಾಸ್ತಿ ಇದ್ದರೆ ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, 'ಲೀಸ್ಟ್', 'ಮೋಸ್ಟ್' ಥರದ ಪದ ಇದೆಯಾ ನೋಡಿಕೊಂಡು ಆಮೇಲೆ ಮೇಲಿನದಕ್ಕೆ ಹೋಗಿ. ಎರಡು ನಿಮಿಷ ಆದರೂ ದಾರಿ ಕಾಣದಿದ್ದರೆ ಮೂರು ಆಯ್ಕೆಯಲ್ಲಿ ಒಂದನ್ನು ಒತ್ತಿ, ಗುರುತು ಮಾಡಿ, ಮುಂದೆ ಹೋಗಿ. ಇಲ್ಲೂ ನೆಗೆಟಿವ್ ಮಾರ್ಕ್ಸ್ ಇಲ್ಲ.